ಬಿಟ್ಟುಕೊಡುವುದು ಬೇರೆ, ಬರೆದುಕೊಡುವುದು ಬೇರೆ

ಯುದ್ಧ ಮತ್ತು ಮುನ್ನಂದಾಜಿನ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲಿನದು ಒಂದೇ ಪ್ರಶ್ನೆ: ಉಕ್ರೇನ್ ತನ್ನ ನೆಲವನ್ನು ರಷ್ಯಾಕ್ಕೆ ಬಿಟ್ಟುಕೊಡುತ್ತದೆಯೇ? ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಟಿ.ವಿ.ಯಲ್ಲಿ ಒಬ್ಬರು ‘ಇನ್ನೊಂದು ತಿಂಗಳಲ್ಲಿ ಉಕ್ರೇನ್ ಡಾನ್‌ಬಾಸ್ ಬಿಟ್ಟುಕೊಡುತ್ತದೆ’ ಅನ್ನುತ್ತಾರೆ. ಮರುದಿನ ಇನ್ನೊಬ್ಬರು ‘ಒಂದಿಂಚೂ ಬಿಡುವುದಿಲ್ಲ’ ಅನ್ನುತ್ತಾರೆ. ಯುದ್ಧ ಶುರುವಾದಾಗಿನಿಂದ ಇದೇ ಕೇಳುತ್ತಿದ್ದೇನೆ. ಹೌದೋ ಅಲ್ಲವೋ, ಒಂದೇ ಮಾತಿನಲ್ಲಿ ಹೇಳಿ ಸರ್.
— ನಿವೃತ್ತ ಉಪನ್ಯಾಸಕರು, ಶಿರಸಿ

ಒಂದೇ ಮಾತು ಬೇಕೆಂದರೆ ‘ಇಲ್ಲ’ ಎನ್ನುತ್ತೇನೆ. ಆದರೆ ನಿಮ್ಮ ಟಿ.ವಿ. ಪಂಡಿತರಿಬ್ಬರೂ ಬೇರೆ ಬೇರೆ ಸಂಗತಿಗಳ ಬಗ್ಗೆ ಮಾತಾಡುತ್ತಿರಬಹುದು, ಹಾಗಾಗಿ ಇಬ್ಬರೂ ಸರಿಯಿರಬಹುದು.

ನಮ್ಮ ಹಳ್ಳಿಗಳ ಒತ್ತುವರಿ ತಗಾದೆಯನ್ನೇ ನೆನೆಯಿರಿ. ಜಮೀನು ಒಬ್ಬನ ಅನುಭವದಲ್ಲಿರುತ್ತದೆ, ಖಾತೆ ಇನ್ನೊಬ್ಬನ ಹೆಸರಿನಲ್ಲಿರುತ್ತದೆ. ಮೂವತ್ತು ವರ್ಷ ಉಳುಮೆ ಮಾಡಿದವನಿಗೂ ಕ್ರಯಪತ್ರ ಸಿಕ್ಕಿರುವುದಿಲ್ಲ. ಯುದ್ಧದಲ್ಲೂ ಹೀಗೆಯೇ ಮೂರು ಬಗೆಯುಂಟು. ಮೊದಲನೆಯದು ಸೈನ್ಯ ಸೋತು ಹಿಂದೆ ಸರಿಯುವುದು. ಎರಡನೆಯದು ಇದ್ದಲ್ಲೇ ಗುಂಡು ನಿಲ್ಲಿಸಿ, ಆಚೆಗಿರುವ ನೆಲದ ಮಾತನ್ನು ಮುಂದಕ್ಕೆ ಹಾಕುವುದು. ಮೂರನೆಯದು ‘ಇದು ಇನ್ನು ನನ್ನದಲ್ಲ’ ಎಂದು ಒಪ್ಪಂದಕ್ಕೆ ಸಹಿ ಹಾಕಿ, ಸಂಸತ್ತಿನಲ್ಲಿ ಅನುಮೋದಿಸುವುದು. ಮೊದಲನೆಯದು ಎಲ್ಲ ಯುದ್ಧಗಳಲ್ಲೂ ಆಗುತ್ತದೆ. ಎರಡನೆಯದೂ ಅಪರೂಪವಲ್ಲ. ಮೂರನೆಯದು, ಅದರಲ್ಲೂ 1945ರ ನಂತರ, ಬಲು ವಿರಳ.

ಉಕ್ರೇನಿನ ಸುಮಾರು ಐದನೇ ಒಂದು ಭಾಗ ಇಂದು ರಷ್ಯಾದ ಕೈಯಲ್ಲಿದೆ. ಕ್ರಿಮಿಯಾ 2014ರಿಂದಲೇ ಹೋಗಿದೆ. ಅದರಲ್ಲಿ ಒಂದು ಹಳ್ಳಿಯನ್ನೂ ಕೀವ್ ಬರೆದುಕೊಟ್ಟಿಲ್ಲ. 2022ರ ಮಾರ್ಚ್‌ನಲ್ಲಿ ಇಸ್ತಾಂಬುಲ್ ಮಾತುಕತೆಯ ವೇಳೆ, ರಷ್ಯಾದ ಪಡೆಗಳು ರಾಜಧಾನಿಯ ಹೊರವಲಯದಲ್ಲಿದ್ದಾಗಲೂ, ಉಕ್ರೇನ್ ಮುಂದಿಟ್ಟ ಪ್ರಸ್ತಾವ ಏನು ಗೊತ್ತೇ? ಕ್ರಿಮಿಯಾದ ಸ್ಥಾನಮಾನದ ಬಗ್ಗೆ 15 ವರ್ಷ ಮಾತುಕತೆ ನಡೆಸೋಣ ಎಂಬುದು. ಎರಡನೇ ಬಗೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಮುಂದಿನ ಸಲ ಟಿ.ವಿ.ಯಲ್ಲಿ ‘ಬಿಟ್ಟುಕೊಡುತ್ತದೆ’ ಎಂದವರನ್ನು ಎರಡು ಪ್ರಶ್ನೆ ಕೇಳಿಕೊಳ್ಳಿ: ಮೂರರಲ್ಲಿ ಯಾವುದು, ಯಾವ ದಿನಾಂಕದೊಳಗೆ? ಇವೆರಡಕ್ಕೂ ಉತ್ತರವಿಲ್ಲದಿದ್ದರೆ ಚಾನೆಲ್ ಬದಲಿಸಿದರೂ ನಷ್ಟವಿಲ್ಲ.

ಉಕ್ರೇನಿನ ಸಂವಿಧಾನವೇ ಭೂಭಾಗ ಬಿಟ್ಟುಕೊಡುವುದನ್ನು ನಿಷೇಧಿಸುತ್ತದೆ ಎಂದು ಓದಿದೆ. ಹಾಗಿದ್ದರೆ ಈ ಚರ್ಚೆಗೆ ಅರ್ಥವೇನು? ಕಾನೂನು ಪ್ರಕಾರ ಅಸಾಧ್ಯವಾದುದರ ಸಂಭವನೀಯತೆ ಸೊನ್ನೆಯಲ್ಲವೇ?
— ಕಾನೂನು ವಿದ್ಯಾರ್ಥಿನಿ, ಧಾರವಾಡ

ಸೊನ್ನೆಯಲ್ಲ. ಕಾನೂನು ಬಾಗಿಲನ್ನು ಮುಚ್ಚುವುದಕ್ಕಿಂತ ಹೆಚ್ಚಾಗಿ ದಾರಿಯನ್ನು ಉದ್ದ ಮಾಡುತ್ತದೆ. ಮುನ್ನಂದಾಜು ಮಾಡುವವರಿಗೆ ಆ ಉದ್ದವೇ ಮುಖ್ಯ.

ನೀವು ಓದಿದ್ದು ಸರಿಯಿದೆ. 73ನೇ ವಿಧಿಯ ಪ್ರಕಾರ ದೇಶದ ಭೂಭಾಗ ಬದಲಿಸುವ ಪ್ರಶ್ನೆಯನ್ನು ಇಡೀ ಉಕ್ರೇನಿನ ಜನಮತಗಣನೆಯಿಂದ ಮಾತ್ರ ತೀರ್ಮಾನಿಸಬೇಕು. 157ನೇ ವಿಧಿ ಇನ್ನೂ ಬಿಗಿ: ಭೂಭಾಗದ ಅಖಂಡತೆಗೆ ಧಕ್ಕೆ ತರುವ ತಿದ್ದುಪಡಿಯೇ ಕೂಡದು, ಸೇನಾಡಳಿತ ಜಾರಿಯಲ್ಲಿರುವಾಗ ಯಾವ ತಿದ್ದುಪಡಿಯೂ ಕೂಡದು. ಅಲ್ಲಿ 2022ರ ಫೆಬ್ರುವರಿ 24ರಿಂದ ಸೇನಾಡಳಿತವಿದೆ, ಕಾಲಕಾಲಕ್ಕೆ ವಿಸ್ತರಣೆಯಾಗುತ್ತಿದೆ. ಅಂದರೆ ಮೊದಲು ಗುಂಡು ನಿಲ್ಲಬೇಕು, ಆಮೇಲೆ ಸೇನಾಡಳಿತ ತೆರವಾಗಬೇಕು, ಆಮೇಲೆ ಮತದಾನ. ವಿದೇಶಗಳಲ್ಲಿ ಲಕ್ಷಗಟ್ಟಲೆ ನಿರಾಶ್ರಿತರು, ಮುಂಚೂಣಿಯಲ್ಲಿ ಲಕ್ಷಗಟ್ಟಲೆ ಸೈನಿಕರು ಇರುವಾಗ ಮತದಾರರ ಪಟ್ಟಿ ತಯಾರಿಸುವುದಕ್ಕೇ ತಿಂಗಳುಗಳು ಬೇಕು. ‘ಮುಂದಿನ ತಿಂಗಳು ಬರೆದುಕೊಡುತ್ತಾರೆ’ ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ಸಂವಿಧಾನದ ಕಟ್ಟು ರಷ್ಯಾಕ್ಕೂ ಇದೆ. 2020ರ ತಿದ್ದುಪಡಿಯಲ್ಲಿ ಅದು ದೇಶದ ಯಾವುದೇ ಭಾಗವನ್ನು ಪರರಿಗೆ ಕೊಡುವ ಕೃತ್ಯಕ್ಕೆ ನಿಷೇಧ ಹಾಕಿಕೊಂಡಿತು. 2022ರ ಸೆಪ್ಟೆಂಬರ್ 30ರಂದು ಡೊನೆಟ್‌ಸ್ಕ್, ಲುಹಾನ್‌ಸ್ಕ್, ಝಪೊರಿಝಿಯಾ, ಖೆರ್ಸಾನ್ ಪ್ರಾಂತಗಳನ್ನು ತನ್ನವೆಂದು ಘೋಷಿಸಿ, ಬಳಿಕ ಸಂವಿಧಾನಕ್ಕೆ ಸೇರಿಸಿಕೊಂಡಿತು. ಖೆರ್ಸಾನ್ ನಗರದ ಬೀದಿಗಳಲ್ಲಿ ‘ರಷ್ಯಾ ಇಲ್ಲಿ ಶಾಶ್ವತ’ ಎಂಬ ದೊಡ್ಡ ಫಲಕಗಳು ನಿಂತಿದ್ದವು. ನವೆಂಬರ್ 11ರಂದು ಉಕ್ರೇನಿನ ಸೈನಿಕರು ನಗರದೊಳಗೆ ಬಂದರು, ಜನ ಆ ಫಲಕಗಳನ್ನು ಹರಿದುಹಾಕಿದರು. ಆರೇ ವಾರಗಳ ಮಾತು. ಇಂದಿಗೂ ಮಾಸ್ಕೋದ ಕಾಗದದಲ್ಲಿ ಆ ನಗರ ರಷ್ಯಾದ್ದು, ನೆಲದ ಮೇಲೆ ಉಕ್ರೇನಿನದು. ಹೀಗೆ ಎರಡೂ ಕಡೆಯ ಸಂವಿಧಾನಗಳು ಒಂದೇ ನೆಲವನ್ನು ‘ನನ್ನದು’ ಎನ್ನುತ್ತಿರುವಾಗ ಕದನವಿರಾಮಕ್ಕಾದರೂ ಸಹಿ ಬೀಳಬಹುದು, ಗಡಿ ಒಪ್ಪಂದಕ್ಕೆ ಬೀಳುವುದು ಕಷ್ಟ.

ನೀವು ಕಾನೂನು ಓದುತ್ತಿದ್ದೀರಿ, ಬೇರುಬಾರಿ ಪ್ರಕರಣ ನಿಮಗೆ ಪಾಠದಲ್ಲೇ ಬರುತ್ತದೆ. 1958ರ ನೆಹರೂ–ನೂನ್ ಒಪ್ಪಂದದಂತೆ ಪಶ್ಚಿಮ ಬಂಗಾಳದ ಬೇರುಬಾರಿ ಯೂನಿಯನ್ನಿನ ಅರ್ಧವನ್ನು ಆಗಿನ ಪೂರ್ವ ಪಾಕಿಸ್ತಾನಕ್ಕೆ ಕೊಡಬೇಕಿತ್ತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಭಾರತದ ನೆಲ ಬಿಟ್ಟುಕೊಡಲು ಸಂವಿಧಾನ ತಿದ್ದುಪಡಿ ಆಗಲೇಬೇಕೆಂದು ಕೋರ್ಟು 1960ರಲ್ಲಿ ಹೇಳಿತು. ಅದೇ ವರ್ಷ ಒಂಬತ್ತನೇ ತಿದ್ದುಪಡಿಯೂ ಆಯಿತು. ಪ್ರಧಾನಿಯ ಸಹಿ, ಕೋರ್ಟಿನ ದಾರಿ, ಸಂಸತ್ತಿನ ಮತ ಎಲ್ಲವೂ ಸಿದ್ಧವಿದ್ದರೂ ಆ ನೆಲ ಹಸ್ತಾಂತರವಾಗಲೇ ಇಲ್ಲ. 1974ರಲ್ಲಿ ಬಾಂಗ್ಲಾದೇಶದ ಜೊತೆ ಆದ ಒಪ್ಪಂದದಲ್ಲಿ ಅದು ಭಾರತದಲ್ಲೇ ಉಳಿಯಿತು. ಆ 1974ರ ಒಪ್ಪಂದ ಪೂರ್ತಿ ಜಾರಿಗೆ ಬರಲು 2015ರ ನೂರನೇ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಸ್ನೇಹದಲ್ಲಿದ್ದ ಎರಡು ದೇಶಗಳು, ಶಾಂತಿಯ ಕಾಲದಲ್ಲಿ, ಪರಸ್ಪರ ಒಪ್ಪಿ ಮಾಡಿದ ಅದಲುಬದಲಿಗೆ 41 ವರ್ಷ ಹಿಡಿಯಿತು. ಶತ್ರುಗಳ ನಡುವೆ ಎಷ್ಟು ಹಿಡಿದೀತು, ನೀವೇ ಲೆಕ್ಕ ಹಾಕಿ.

ಸಣ್ಣ ದೇಶ ದೊಡ್ಡ ದೇಶದ ಎದುರು ಯುದ್ಧ ಮಾಡಿ, ಕೊನೆಗೆ ನೆಲ ಕೊಟ್ಟು ಬದುಕಿಕೊಂಡ ಉದಾಹರಣೆ ಇತಿಹಾಸದಲ್ಲಿ ಇಲ್ಲವೇ?
— ಗೃಹಿಣಿ, ಮೈಸೂರು

ಇದೆ ಮೇಡಂ. ಅದೂ ಇದೇ ನೆರೆಯವನೊಂದಿಗೆ.

1939ರ ನವೆಂಬರ್ 30ರಂದು ಸೋವಿಯತ್ ಸೇನೆ ಫಿನ್ಲೆಂಡಿನ ಮೇಲೆ ಬಿತ್ತು. ಚಳಿಗಾಲದ ಯುದ್ಧ 105 ದಿನ ನಡೆಯಿತು. 1940ರ ಮಾರ್ಚ್ 12ರಂದು ಮಾಸ್ಕೋದಲ್ಲಿ ಸಹಿ ಹಾಕಿದಾಗ ಫಿನ್ಲೆಂಡ್ ಕೊಟ್ಟದ್ದು ದೇಶದ ಸುಮಾರು ಹತ್ತನೇ ಒಂದು ಭಾಗ. ಸೋವಿಯತ್ ಸೈನ್ಯ ಗೆದ್ದುಕೊಂಡಿದ್ದಕ್ಕಿಂತ ಅದು ಹೆಚ್ಚು ಎಂಬುದನ್ನು ಗಮನಿಸಿ. ವಿಪುರಿ ನಗರದ ಸುತ್ತ ಫಿನ್ನಿಷ್ ಸೈನಿಕರು ಇನ್ನೂ ಹೋರಾಡುತ್ತಿದ್ದರು. ಒಪ್ಪಂದದ ಸುದ್ದಿ ಬಂದಾಗ, ತಾವು ಹಿಡಿದುಕೊಂಡಿದ್ದ ಊರನ್ನೇ ಖಾಲಿ ಮಾಡಿ ಹೊರಡಬೇಕಾಯಿತು. ಕರೇಲಿಯಾದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಿ, ಹಿಮದಲ್ಲಿ, ದನಕರು ಹೊಡೆದುಕೊಂಡು ಪಶ್ಚಿಮಕ್ಕೆ ನಡೆದರು. ದೇಶದಲ್ಲಿ ಬಾವುಟಗಳನ್ನು ಅರ್ಧಕ್ಕಿಳಿಸಿದರು. ಅಧ್ಯಕ್ಷ ಕ್ಯೋಸ್ತಿ ಕಲ್ಲಿಯೊ ಸಂಧಾನಕಾರರಿಗೆ ಸಹಿಯ ಅಧಿಕಾರ ಕೊಡುವಾಗ, ಇಂಥ ಕಾಗದಕ್ಕೆ ಸಹಿ ಹಾಕುವ ಕೈ ಒಣಗಿಹೋಗಲಿ ಎಂದು ಶಪಿಸಿದರಂತೆ. ಅದೇ ಆಗಸ್ಟ್‌ನಲ್ಲಿ ಪಾರ್ಶ್ವವಾಯು ಬಡಿದು ಅವರ ಬಲಗೈ ಬಿದ್ದುಹೋಯಿತು, ಡಿಸೆಂಬರ್‌ನಲ್ಲಿ ತೀರಿಕೊಂಡರು. ಫಿನ್ನರು ಇಂದಿಗೂ ಈ ಕತೆ ಹೇಳುತ್ತಾರೆ.

ಸಹಿ ಏಕೆ ಹಾಕಿದರು? ಸೈನ್ಯ ಬಳಲಿತ್ತು, ಮದ್ದುಗುಂಡು ಮುಗಿಯುತ್ತಿತ್ತು. ಬ್ರಿಟನ್, ಫ್ರಾನ್ಸ್ ನೆರವು ಕಳಿಸುತ್ತೇವೆಂದರೂ ನಾರ್ವೆ, ಸ್ವೀಡನ್ ದಾರಿ ಬಿಡಲಿಲ್ಲ. ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದು: ಸ್ಟಾಲಿನ್ ಹುಟ್ಟುಹಾಕಿದ್ದ ಕುಸಿನೆನ್‌ನ ಕೈಗೊಂಬೆ ಸರ್ಕಾರವನ್ನು ಮಾಸ್ಕೋ ಕೈಬಿಟ್ಟಿತ್ತು. ಹೆಲ್ಸಿಂಕಿಯ ಸರ್ಕಾರದ ಜೊತೆಯೇ ವ್ಯವಹಾರ ಎಂದು ಒಪ್ಪಿಕೊಂಡಿತ್ತು. ನೆಲ ಕೊಟ್ಟರೆ ದೇಶ ಉಳಿಯುತ್ತದೆ ಎಂಬ ನಂಬಿಕೆಗೆ ಒಂದು ಆಧಾರ ಸಿಕ್ಕಿತು.

ಉಕ್ರೇನಿನ ವಿಷಯದಲ್ಲಿ ಬಹುತೇಕರು ನೋಡದೇ ಬಿಡುವುದು ಇದನ್ನೇ. 2025ರ ನವೆಂಬರ್‌ನಲ್ಲಿ ಹೊರಬಿದ್ದ ಅಮೆರಿಕದ 28 ಅಂಶಗಳ ಕರಡಿನಲ್ಲಿ, ಡೊನೆಟ್‌ಸ್ಕ್ ಪ್ರಾಂತದಲ್ಲಿ ಉಕ್ರೇನ್ ಇನ್ನೂ ಹಿಡಿದಿಟ್ಟುಕೊಂಡಿರುವ ಭಾಗದಿಂದಲೂ ಹಿಂದೆ ಸರಿಯಬೇಕು ಎಂಬ ಷರತ್ತಿತ್ತು. ವಿಪುರಿಯಂಥದೇ ಬೇಡಿಕೆ. ಸ್ಲೊವ್ಯಾನ್‌ಸ್ಕ್, ಕ್ರಾಮಟೋರ್‌ಸ್ಕ್ ನಗರಗಳ ಸಾಲನ್ನು ಉಕ್ರೇನ್ 2014ರಿಂದ ಕೋಟೆಯ ಹಾಗೆ ಕಟ್ಟಿಕೊಂಡು ಬಂದಿದೆ. ಅದನ್ನು ಬಿಟ್ಟರೆ ಹಿಂದಿರುವುದು ಬಹುತೇಕ ಬಯಲು. ಕೋಟೆ ಕೊಟ್ಟ ಮೇಲೆ ಮತ್ತೆ ದಾಳಿ ಮಾಡುವುದಿಲ್ಲ ಎಂಬುದಕ್ಕೆ ಖಾತರಿ ಯಾರದು? 1994ರ ಬುಡಾಪೆಸ್ಟ್ ಒಪ್ಪಂದಪತ್ರದಲ್ಲಿ, ಉಕ್ರೇನ್ ಅಣ್ವಸ್ತ್ರ ಬಿಟ್ಟದ್ದಕ್ಕೆ ಪ್ರತಿಯಾಗಿ ಗಡಿ ಗೌರವಿಸುವ ಮಾತು ಕೊಟ್ಟವರಲ್ಲಿ ರಷ್ಯಾವೂ ಇತ್ತು. 2014, 2015ರ ಮಿನ್‌ಸ್ಕ್ ಒಪ್ಪಂದಗಳಿಗೂ ಸಹಿ ಬಿದ್ದಿತ್ತು. ಹೀಗಾಗಿ ಕೀವ್‌ನ ನಿರ್ಧಾರವನ್ನು ಅಂದಾಜು ಮಾಡುವಾಗ ನಾನು ನಕ್ಷೆಗಿಂತ ಹೆಚ್ಚಾಗಿ ಭದ್ರತಾ ಖಾತರಿಯ ಸುದ್ದಿ ನೋಡುತ್ತೇನೆ. ಖಾತರಿ ಗಟ್ಟಿಯಾದರೆ ನೆಲ ಬಿಡುವ ಸಂಭವ ಏರುತ್ತದೆ. ಬರೀ ಒತ್ತಡ ಹೆಚ್ಚಾದರೆ ಅಷ್ಟು ಏರುವುದಿಲ್ಲ.

ಫಿನ್ಲೆಂಡಿನ ಕತೆ 1940ಕ್ಕೆ ಮುಗಿಯಲಿಲ್ಲ. ಹದಿನೈದು ತಿಂಗಳಲ್ಲಿ ಅದು ಜರ್ಮನಿಯ ಜೊತೆ ಸೇರಿ ಕರೇಲಿಯಾಕ್ಕೆ ಮತ್ತೆ ನುಗ್ಗಿತು, 1944ರಲ್ಲಿ ಮತ್ತೆ ಕಳೆದುಕೊಂಡಿತು, 1947ರ ಪ್ಯಾರಿಸ್ ಒಪ್ಪಂದದಲ್ಲಿ ಅದು ಖಾಯಂ ಆಯಿತು. ಸಹಿ ಬಿದ್ದೊಡನೆ ಯುದ್ಧ ಮುಗಿಯಿತು ಎನ್ನುವವರು ಈ ಏಳು ವರ್ಷಗಳನ್ನು ಓದಬೇಕು.

ಇನ್ನೊಂದು ಉದಾಹರಣೆಯಾಗಿ ಅರ್ಮೇನಿಯಾದ ಹೆಸರು ಹೇಳುವವರುಂಟು. 2020ರ ನವೆಂಬರ್‌ನಲ್ಲಿ, ಅಜರ್‌ಬೈಜಾನಿಗೆ ಸೋತ ಮೇಲೆ, ಕಲ್ಬಜಾರ್ ಜಿಲ್ಲೆಯ ಅರ್ಮೇನಿಯನ್ ಜನ ಊರು ಬಿಡುವ ಮುನ್ನ ತಮ್ಮ ಮನೆಗಳಿಗೆ ತಾವೇ ಬೆಂಕಿ ಇಟ್ಟರು. ಆದರೆ ಆ ಜಿಲ್ಲೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಅಜರ್‌ಬೈಜಾನಿನದೇ ಆಗಿತ್ತು. ಇನ್ನೊಬ್ಬರ ಹೆಸರಿನಲ್ಲಿದ್ದ ನೆಲದಿಂದ ಹೊರಬಂದದ್ದನ್ನು ಉಕ್ರೇನಿನ ಸ್ಥಿತಿಗೆ ಹೋಲಿಸಲು ಬರುವುದಿಲ್ಲ.

ನೀವು ಶೇಕಡಾವಾರು ಅಂದಾಜು ಕೊಡುತ್ತೀರಲ್ಲ, ಆ ಅಂಕಿ ಎಲ್ಲಿಂದ ಬರುತ್ತದೆ? ಗಾಳಿಯಲ್ಲಿ ಗುಂಡು ಹೊಡೆದ ಹಾಗಲ್ಲವೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಲೆಕ್ಕವನ್ನೇ ತೋರಿಸಿಬಿಡುತ್ತೇನೆ. ಪ್ರಶ್ನೆ: 2026ರ ಡಿಸೆಂಬರ್ 31ರೊಳಗೆ ಉಕ್ರೇನ್ ಯಾವುದಾದರೂ ಭೂಭಾಗವನ್ನು ಕಾನೂನುಬದ್ಧವಾಗಿ ರಷ್ಯಾಕ್ಕೆ ಬರೆದುಕೊಡುತ್ತದೆಯೇ?

ಮೊದಲು ಒಂದು ಒರಟು ಅಳತೆ. ಒಂದು ಘಟನೆ ಇಷ್ಟು ವರ್ಷ ಒಮ್ಮೆಯೂ ಆಗಿಲ್ಲದಿದ್ದರೆ ಮುಂದಿನ ವರ್ಷ ಆಗುವ ಸಂಭವವೆಷ್ಟು ಎಂಬುದಕ್ಕೆ ಗಣಿತಜ್ಞ ಲಾಪ್ಲಾಸ್ ಕೊಟ್ಟ ಸೂತ್ರವಿದೆ: ಕಳೆದ ವರ್ಷಗಳಿಗೆ ಎರಡು ಕೂಡಿಸಿ, ಒಂದನ್ನು ಅದರಿಂದ ಭಾಗಿಸಿ. ಯುದ್ಧಕ್ಕೆ ನಾಲ್ಕು ವರ್ಷವೆಂದುಕೊಂಡರೆ ಆರನೇ ಒಂದು, ಅಂದರೆ ಸುಮಾರು ಶೇ 17. ಉಕ್ರೇನಿನ ಬಗ್ಗೆ ಏನೂ ಗೊತ್ತಿಲ್ಲದವನು ಹೇಳಬಹುದಾದ ಅಂಕಿ ಇದು.

ಈಗ ಗೊತ್ತಿರುವುದನ್ನು ಸೇರಿಸೋಣ. ಬರೆದುಕೊಡಬೇಕಾದರೆ ನಾಲ್ಕು ಸಂಗತಿ ಒಂದರ ಹಿಂದೊಂದು ಆಗಬೇಕು. ಕದನವಿರಾಮ ಬೇಗ ಆಗಬೇಕು, ಅದಕ್ಕೆ ಶೇ 30 ಕೊಡುತ್ತೇನೆ. ಒಪ್ಪಂದದಲ್ಲಿ ಹಕ್ಕು ಬಿಡುವ ಮಾತು ಸ್ಪಷ್ಟವಾಗಿರಬೇಕು, ಶೇ 15. ವರ್ಷದೊಳಗೆ ಜನಮತಗಣನೆ ನಡೆಯಬೇಕು, ಶೇ 30. ಅದರಲ್ಲಿ ಜನ ಒಪ್ಪಬೇಕು, ಶೇ 40. ನಾಲ್ಕನ್ನೂ ಗುಣಿಸಿದರೆ ನೂರಕ್ಕೆ ಅರ್ಧಕ್ಕಿಂತ ತುಸುವೇ ಹೆಚ್ಚು ಬರುತ್ತದೆ. ನನಗೆ ಕಾಣದ ಅಡ್ಡದಾರಿಗಳೂ ಇರಬಹುದೆಂದು ಅದನ್ನು ಶೇ 2ಕ್ಕೆ ಏರಿಸುತ್ತೇನೆ. ಬಿಡಿ ಅಂಕಿಗಳ ಬಗ್ಗೆ ನೀವು ಜಗಳ ತೆಗೆಯಬಹುದು, ತೆಗೆಯಬೇಕು ಕೂಡ. ಆದರೆ ಈಗ ನಮ್ಮ ಜಗಳ ಯಾವ ಮೆಟ್ಟಿಲಿನ ಬಗ್ಗೆ ಎಂಬುದು ಇಬ್ಬರಿಗೂ ಗೊತ್ತು.

ಅಂಕಿ ಕೊಟ್ಟವರನ್ನು ಹಿಡಿಯುವುದೂ ಸುಲಭ. ಗ್ಲೆನ್ ಬ್ರಯರ್ ಎಂಬ ಹವಾಮಾನ ತಜ್ಞ 1950ರಲ್ಲಿ ಕೊಟ್ಟ ಅಳತೆಗೋಲಿನಲ್ಲಿ, ಆಗದ ಘಟನೆಗೆ ಶೇ 90 ಎಂದವನಿಗೆ 0.81 ದಂಡ, ಶೇ 60 ಎಂದವನಿಗೆ 0.36. ಬಡಾಯಿಗೆ ಎರಡು ಪಟ್ಟಿಗೂ ಮೀರಿದ ದಂಡ. ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್‌ಲಾಕ್ ಎರಡು ದಶಕಗಳ ಕಾಲ 284 ಪರಿಣತರ ಸಾವಿರಾರು ರಾಜಕೀಯ ಮುನ್ನಂದಾಜುಗಳನ್ನು ಕೂಡಿಟ್ಟು ತಾಳೆ ನೋಡಿ 2005ರಲ್ಲಿ ಪುಸ್ತಕ ತಂದರು. ಮಾಧ್ಯಮಗಳಲ್ಲಿ ಹೆಚ್ಚು ಹೆಸರು ಮಾಡಿದವರ ಅಂದಾಜುಗಳೇ ಹೆಚ್ಚು ತಪ್ಪಿದ್ದವು. ಶಿರಸಿಯ ಉಪನ್ಯಾಸಕರು ಇದನ್ನೂ ಗಮನಿಸಬೇಕು.

ಹಣ ಕಟ್ಟುವ ಮುನ್ನಂದಾಜು ಮಾರುಕಟ್ಟೆಗಳಲ್ಲಿ ಈ ಪ್ರಶ್ನೆಗೆ ದರ ಇರುತ್ತದಂತೆ. ಅದನ್ನು ನಂಬಬಹುದೇ? ಹಣ ಹಾಕಬಹುದೇ?
— ಓದುಗರು, ತುಮಕೂರು

ದರ ನೋಡಿ, ಹಣ ಹಾಕಬೇಡಿ. ಭಾರತದಲ್ಲಿ 2025ರ ಕಾಯ್ದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ.

ನಮ್ಮ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಸಾವಿನ ಮನೆಯ ಮುಂದೆ ಕೂತು ಶೇಕಡಾ ಲೆಕ್ಕ ಹಾಕುವುದು ನಿಮಗೆ ಸರಿ ಕಾಣುತ್ತದೆಯೇ?
— ಶಿಕ್ಷಕರು, ಹಾವೇರಿ

ನಿಮ್ಮ ಸಿಟ್ಟು ಸಹಜ. ಆದರೆ ಆ ಫೆಬ್ರುವರಿಯನ್ನು ನೆನಪಿಸಿಕೊಳ್ಳಿ. ಅಮೆರಿಕ, ಬ್ರಿಟನ್ ದಾಳಿ ಆಗಿಯೇ ತೀರುತ್ತದೆ ಎನ್ನುತ್ತಿದ್ದವು. ಯುರೋಪಿನ ಹಲವರು ಆಗುವುದಿಲ್ಲ ಎನ್ನುತ್ತಿದ್ದರು. ಭಾರತದ ರಾಯಭಾರ ಕಚೇರಿ ಫೆಬ್ರುವರಿ 15ರಂದು, ಉಳಿಯುವುದು ಅನಿವಾರ್ಯವಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ಹೊರಡುವುದನ್ನು ಪರಿಗಣಿಸಬಹುದು ಎಂದಿತು. ತರಗತಿಗಳು ನಡೆಯುತ್ತಿದ್ದವು, ವಿಮಾನ ಟಿಕೆಟ್ ದುಬಾರಿ. ‘ಪರಿಗಣಿಸಬಹುದು’ ಎಂಬ ಮಾತಿನಿಂದ ಇಪ್ಪತ್ತರ ಹುಡುಗ, ಊರಿನಲ್ಲಿರುವ ಅವನ ತಂದೆತಾಯಿ ಏನು ತೀರ್ಮಾನ ಮಾಡಬೇಕು? ‘ಅರ್ಧಕ್ಕಿಂತ ಹೆಚ್ಚು ಸಂಭವವಿದೆ, ಈ ವಾರವೇ ಹೊರಡಿ’ ಎಂದು ಯಾರಾದರೂ ಅಂಕಿ ಸಮೇತ ಹೇಳಿದ್ದರೆ ಎಷ್ಟು ಮನೆಗಳು ಬೇರೆ ನಿರ್ಧಾರ ಮಾಡುತ್ತಿದ್ದವೋ. ದಾಳಿ ಶುರುವಾದ ಮೇಲೆ ಸಾವಿರಾರು ಮಕ್ಕಳು ನೆಲಮಾಳಿಗೆಗಳಲ್ಲಿ ಸಿಕ್ಕಿಬಿದ್ದರು. ಲೆಕ್ಕ ಹಾಕುವುದು ಕ್ರೂರ ಅನಿಸಬಹುದು, ಹಾಕದಿರುವುದಕ್ಕೂ ಬೆಲೆಯಿದೆ.

ನಾನು ಖಾದ್ಯ ತೈಲದ ಸಗಟು ವ್ಯಾಪಾರಿ. 2022ರಲ್ಲಿ ಸೂರ್ಯಕಾಂತಿ ಎಣ್ಣೆಯ ದರ ಏರಿದ್ದು ಮರೆತಿಲ್ಲ. ಡೊನೆಟ್‌ಸ್ಕ್ ಹೋದರೆ ಮತ್ತೆ ದರ ಏರುತ್ತದೆಯೇ?
— ವ್ಯಾಪಾರಿ, ದಾವಣಗೆರೆ

ನಿಮ್ಮ ದಂಧೆಗೆ ಡೊನೆಟ್‌ಸ್ಕ್‌ಗಿಂತ ಒಡೆಸಾ ಮುಖ್ಯ. ಯುದ್ಧಕ್ಕೆ ಮುಂಚೆ ನಮ್ಮ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಬರುತ್ತಿದ್ದುದು ಉಕ್ರೇನಿನಿಂದ, ಅದೂ ಕಪ್ಪು ಸಮುದ್ರದ ಬಂದರುಗಳ ಮೂಲಕ. 2022ರಲ್ಲಿ ದರ ಏರಿದ್ದು ಬಂದರುಗಳು ಮುಚ್ಚಿದ್ದರಿಂದ. ಆ ಜುಲೈನಲ್ಲಿ ಧಾನ್ಯ ಸಾಗಣೆ ಒಪ್ಪಂದವಾಯಿತು, ಒಂದು ವರ್ಷಕ್ಕೆ ರಷ್ಯಾ ಹೊರನಡೆಯಿತು. ಆದರೂ ಉಕ್ರೇನ್ ತನ್ನದೇ ಹಡಗು ದಾರಿ ಮಾಡಿಕೊಂಡಿತು. ಈ ನಡುವೆ ನಾವು ರಷ್ಯಾದಿಂದ ಕೊಳ್ಳುವುದೂ ಹೆಚ್ಚಿತು. ಸರಕು ಹಿಡಿದಿಡುವ ಮುನ್ನ ನೀವು ನೋಡಬೇಕಾದ್ದು ಬಂದರಿನ ಮೇಲಿನ ದಾಳಿಯ ಸುದ್ದಿಯನ್ನು.

ನಾನಿರುವುದು ಪೋಲೆಂಡಿನಲ್ಲಿ. ಇಲ್ಲಿರುವ ಉಕ್ರೇನಿನ ಗೆಳೆಯರಲ್ಲಿ ಕೆಲವರು ‘ಸಾಕಾಗಿದೆ, ಕೊಟ್ಟುಬಿಡಲಿ’ ಅನ್ನುತ್ತಾರೆ. ಜನಾಭಿಪ್ರಾಯ ಬದಲಾಗುತ್ತಿದೆಯೇ? ಮುಂದೆ ಯಾವ ಸೂಚನೆಗಳನ್ನು ಗಮನಿಸಬೇಕು?
— ಕನ್ನಡಿಗರು, ವಾರ್ಸಾ

ಬದಲಾಗಿದೆ. ಕೀವ್ ಅಂತರರಾಷ್ಟ್ರೀಯ ಸಮಾಜಶಾಸ್ತ್ರ ಸಂಸ್ಥೆಯ ಸಮೀಕ್ಷೆಯಲ್ಲಿ 2022ರ ಮೇ ತಿಂಗಳಲ್ಲಿ ಶೇ 82ರಷ್ಟು ಜನ ಯಾವ ಭೂಭಾಗವನ್ನೂ ಬಿಡಬಾರದು ಎಂದಿದ್ದರು. 2024ರ ಡಿಸೆಂಬರ್‌ನಲ್ಲಿ ಹಾಗೆಂದವರು ಶೇ 51, ಕೆಲವು ಭಾಗ ಬಿಡಲು ಸಿದ್ಧರಿದ್ದವರು ಶೇ 38. ಆದರೆ ಪ್ರಶ್ನೆಯನ್ನು ಬಿಡಿಸಿ ಕೇಳಿದಾಗ ಚಿತ್ರ ಬೇರೆಯಾಗುತ್ತದೆ. ಈಗಾಗಲೇ ಕಳೆದುಕೊಂಡ ನೆಲ ವಾಸ್ತವದಲ್ಲಿ ರಷ್ಯಾದ ಕೈಯಲ್ಲಿ ಉಳಿದರೆ ಸಹಿಸುತ್ತೇವೆ ಎನ್ನುವವರು ಸಾಕಷ್ಟಿದ್ದಾರೆ. ಅದನ್ನು ಅಧಿಕೃತವಾಗಿ ರಷ್ಯಾದ್ದೆಂದು ಒಪ್ಪುವವರು ಅಲ್ಪಸಂಖ್ಯಾತರು. ತಮ್ಮ ಸೈನ್ಯ ಇನ್ನೂ ಹಿಡಿದಿರುವ ನೆಲವನ್ನು ಕೊಡಲು ಒಪ್ಪುವವರು ಮತ್ತೂ ಕಡಿಮೆ. ನಿಮ್ಮ ಗೆಳೆಯರನ್ನು ಹೀಗೆ ಮೂರು ಪ್ರಶ್ನೆಯಾಗಿ ಕೇಳಿ ನೋಡಿ. ಉತ್ತರ ಏನು ಬಂತೆಂದು ನನಗೂ ತಿಳಿಸಿ.

ಸೂಚನೆಗಳ ವಿಷಯ. ಶೃಂಗಸಭೆಗಳ ಫೋಟೋಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. 2025ರ ಆಗಸ್ಟ್ 15ರಂದು ಅಲಾಸ್ಕಾದಲ್ಲಿ ಟ್ರಂಪ್–ಪುಟಿನ್ ಕೈಕುಲುಕಿದಾಗ ಎಷ್ಟು ಜನ ‘ಮುಗಿಯಿತು’ ಎಂದರು, ಏನಾಯಿತು ನೋಡಿದ್ದೀರಿ. ನಾನು ಕಾಯುವುದು ಬೇಸರ ಹುಟ್ಟಿಸುವ ಸುದ್ದಿಗಳಿಗೆ: ಸೇನಾಡಳಿತದ ವಿಸ್ತರಣೆಯನ್ನು ಕೀವ್ ಸಂಸತ್ತು ಕೈಬಿಟ್ಟಿತೇ, ಜನಮತಗಣನೆ ಕಾನೂನಿಗೆ ತಿದ್ದುಪಡಿ ಬಂತೇ, ಭದ್ರತಾ ಖಾತರಿಯೊಂದು ಅಮೆರಿಕದ ಸೆನೆಟ್‌ನಲ್ಲಿ ಮತಕ್ಕೆ ಬಂತೇ. ಇವುಗಳಲ್ಲಿ ಎರಡು ಆದರೂ ನನ್ನ ಅಂಕಿಗಳನ್ನು ಮೇಲಕ್ಕೆ ತಿದ್ದುತ್ತೇನೆ.

ಸದ್ಯಕ್ಕೆ, 2026ರ ಡಿಸೆಂಬರ್ 31ರೊಳಗೆ: ಕನಿಷ್ಠ ಒಂದು ತಿಂಗಳು ಬಾಳುವ ಕದನವಿರಾಮಕ್ಕೆ ಶೇ 30. ಒಪ್ಪಂದದ ಮೂಲಕ ಉಳಿದ ಡೊನೆಟ್‌ಸ್ಕ್‌ನಿಂದ ಉಕ್ರೇನ್ ಸೈನ್ಯ ಹೊರಬರುವುದಕ್ಕೆ ಶೇ 8. ಕಾನೂನುಬದ್ಧವಾಗಿ ನೆಲ ಬರೆದುಕೊಡುವುದಕ್ಕೆ ಶೇ 2. ಇದನ್ನು ಕತ್ತರಿಸಿ ಇಟ್ಟುಕೊಳ್ಳಿ. ಒಪ್ಪದವರು ನಿಮ್ಮ ಮೂರು ಅಂಕಿಗಳನ್ನು ಕಾರಣ ಸಮೇತ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಮುಂದಿನ ಜನವರಿಯಲ್ಲಿ ಬ್ರಯರ್ ಅಳತೆಯಲ್ಲಿ ಎಲ್ಲವನ್ನೂ, ನನ್ನದನ್ನೂ ಸೇರಿಸಿ, ತೂಗಿ ಇಲ್ಲೇ ಪ್ರಕಟಿಸುತ್ತೇನೆ.